‘ಹೋಯ್ ಬತ್ತೆ’ ಎನ್ನಲು ಒಂದು ಹಾಡು

ನಮ್ಮ ಸೀಮೆಯಲ್ಲಿ ಮನೆಯಿಂದ ಹೊರಟವನು ಹೊಸ್ತಿಲು ದಾಟುವಾಗ ‘ಹೋತೆ’ ಎಂದುಬಿಟ್ಟರೆ ಒಳಗಿನಿಂದ ಅಜ್ಜಿಯೋ ತಾಯಿಯೋ ಕೂಡಲೇ ತಿದ್ದುವರು: ‘ಹೋಯ್ ಬತ್ತೆ ಅಂದ್ ಹೇಳ್ಕ್.’ ಮರಳಿ ಬರುವ ಮಾತನ್ನು ಸೇರಿಸದೆ ಹೋಗುವ ಮಾತನ್ನಾಡುವುದು ಕುಂದಾಪುರದ ಕನ್ನಡದಲ್ಲಿ ಅಮಂಗಳ. ತವರಿನಿಂದ ಹೊರಡುವ ಮದುಮಗಳಿಗೆ ಒಪ್ಪಿಸಿಕೊಡುವ ಶೋಭಾನೆಯಿದೆ. ಇರುಳಿಡೀ ನಡೆದ ಯಕ್ಷಗಾನಕ್ಕೆ ಬೆಳಗಿನ ಜಾವದ ಮಂಗಳಪದವಿದೆ. ಹತ್ತನಾವಧಿಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೇಳಕ್ಕೆ ದೇವರೆದುರಿನ ಕೊನೆಯ ಸೇವೆಯಾಟವಿದೆ. ಬೀಳ್ಕೊಡುವುದನ್ನು ಇಷ್ಟು ಬಗೆಯಲ್ಲಿ ಬಲ್ಲ ಈ ನಾಡಿನಲ್ಲಿ, ವರ್ಷಾನುಗಟ್ಟಲೆ ಒಂದೇ ಮಾಡಿನ ಕೆಳಗೆ ಕುಳಿತು ಓದಿದ ಮಕ್ಕಳು ಶಾಲೆಯನ್ನು ತೊರೆದು ಹೊರಡುವ ದಿನಕ್ಕೆ ಮಾತ್ರ ಶಾಲೆಯದೇ ಆದ ಒಂದು ಹಾಡಿಲ್ಲವೆಂಬುದು ಮೂವತ್ತು ವರ್ಷಗಳ ನನ್ನ ಅಧ್ಯಾಪಕವೃತ್ತಿಯಲ್ಲಿ ಒಮ್ಮೆಯೂ ಗಮನಕ್ಕೆ ಬಾರದೆ, ನಿವೃತ್ತನಾದ ಮೇಲೆ ಹಳೆಯ ಶಿಷ್ಯನೊಬ್ಬನ ಬಾಯಿಂದ ತಿಳಿಯಬೇಕಾಯಿತು.

ನಾನಿರುವ ಸಿದ್ದಾಪುರವು ಉತ್ತರ ಕನ್ನಡದ ಸಿದ್ದಾಪುರವೂ ಅಲ್ಲ, ಕೊಡಗಿನದೂ ಅಲ್ಲ. ಕುಂದಾಪುರದಿಂದ ಹೊಸಂಗಡಿಯತ್ತ ಹೋಗುವ ದಾರಿಯಲ್ಲಿ, ಬಾಳೆಬರೆ ಘಾಟಿಯನ್ನೇರುವ ಮೊದಲು ಬಸ್ಸುಗಳು ಒಂದಿಷ್ಟು ನಿಂತು ಉಸಿರು ತೆಗೆದುಕೊಳ್ಳುವ ಪೇಟೆ. ಒಂದು ದಿಕ್ಕಿಗೆ ಕುಬ್ಜಾ ನದಿಯ ದಂಡೆಯ ಕಮಲಶಿಲೆ, ಇನ್ನೊಂದು ದಿಕ್ಕಿಗೆ ಶಂಕರನಾರಾಯಣ, ಮೂಡಲಿಗೆ ವಾರಾಹಿಯ ನೀರನ್ನು ಭೂಗರ್ಭಕ್ಕಿಳಿಸಿ ವಿದ್ಯುತ್ತು ತೆಗೆಯುವ ಹೊಸಂಗಡಿ. ಅಡಕೆ, ತೆಂಗು, ಗೇರು, ರಬ್ಬರುಗಳ ಈ ನೆಲದಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿ ಮುಗಿದದ್ದೇ ತಡ, ಕೆಲವರು ಕುಂದಾಪುರದ ಕಾಲೇಜುಗಳಿಗೆ, ಕೆಲವರು ಬೆಂಗಳೂರು ಮುಂಬಯಿಗಳ ಹೋಟೆಲುಗಳಿಗೆ, ಕೆಲವರು ಇನ್ನೂ ದೂರಕ್ಕೆ ಚದುರಿಹೋಗುವವರು. ಆದುದರಿಂದ ಪದವಿಯ ದಿನಕ್ಕಿಂತ, ಪಿಯುಸಿಯ ದಿನಕ್ಕಿಂತ, ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಯೇ ನಮ್ಮಲ್ಲಿ ನಿಜವಾದ ಅಗಲಿಕೆ. ಆ ದಿನ ಒಂದೇ ಬೆಂಚಿನಲ್ಲಿ ಕುಳಿತವರು ಇಡಿಯಾಗಿ ಒಂದೆಡೆ ಕೂಡುವುದು ಬಹುಮಟ್ಟಿಗೆ ಮತ್ತೆಂದೂ ಇಲ್ಲ.

ನಾನು ಹೇಳಿದ ಶಿಷ್ಯನು 2006ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದವನು. ಈಗ ಮೂವತ್ತರ ನಡುವಿನಲ್ಲಿದ್ದಾನೆ. ಬಿಡದಿಯ ಕಡೆಯ ಕಾರ್ಖಾನೆಯೊಂದರಲ್ಲಿ ಜಪಾನಿನ ಎಂಜಿನಿಯರುಗಳ ಜೊತೆ ಅವನ ಕೆಲಸ. ಒಂದು ಮಾರ್ಚಿಯ ಸಂಜೆ ಕಂಪೆನಿಯ ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಕುಳಿತಿದ್ದ, ಅವನದೇ ವಯಸ್ಸಿನ ಜಪಾನೀ ಗೆಳೆಯನು ಮೊಬೈಲಿನಲ್ಲಿ ಯಾವುದೋ ಹಾಡನ್ನು ಕೇಳುತ್ತ ಕೇಳುತ್ತ ಮಾತು ನಿಲ್ಲಿಸಿ ಕಿಟಕಿಯ ಕಡೆಗೆ ತಿರುಗಿದನಂತೆ. ಏನೆಂದು ಕೇಳಿದಾಗ, ಹದಿನೈದನೆಯ ವಯಸ್ಸಿನಲ್ಲಿ ಶಾಲೆಯ ಕೊನೆಯ ದಿನ ಇಡೀ ತರಗತಿ ನಿಂತು ಹಾಡಿದ ಹಾಡು ಇದು ಎಂದನು. ತರುವಾಯ, ನಿಮ್ಮ ಶಾಲೆಯಲ್ಲಿ ನೀವು ಹಾಡಿದ್ದು ಯಾವುದು ಎಂದು ಸಹಜವಾಗಿ ಕೇಳಿದನು. ನನ್ನ ಶಿಷ್ಯನು ಹಾಡಲು ಹೋದರೆ ಮೊದಲ ನುಡಿಯಿಂದ ಮುಂದಕ್ಕೆ ಸಾಗಲಿಲ್ಲ. ಮನೆಗೆ ಬಂದು, ಅದೇ ಶಾಲೆಯಲ್ಲಿ ಅವನಿಗಿಂತ ನಾಲ್ಕು ವರ್ಷ ತರುವಾಯ ಓದಿದ ಹೆಂಡತಿಯನ್ನು ಕೇಳಿದರೆ, ಅದು ನಮ್ಮ ಹಾಡಲ್ಲ, ನಾವು ಹಾಡಿದ್ದೇ ಬೇರೆ ಎಂದಳು. ಒಂದೇ ಶಾಲೆ, ಒಂದೇ ಜಗಲಿ, ನಾಲ್ಕೇ ವರ್ಷಗಳ ಅಂತರ; ಗಂಡಹೆಂಡಿರು ಕೂಡಿ ಗುನುಗಬಲ್ಲ ಒಂದು ಸಾಲು ಇಬ್ಬರ ನಡುವೆ ಇಲ್ಲ. ಯುಗಾದಿಗೆ ಊರಿಗೆ ಬಂದಾಗ ಅವನು ನನ್ನ ಚಾವಡಿಯಲ್ಲಿ ಕುಳಿತು ಇದನ್ನು ಹೇಳಿದುದು ದೂರಾಗಿರಲಿಲ್ಲ. ಆದರೆ ನನಗೆ ಅದು ದೂರಾಗಿಯೇ ಕೇಳಿಸಿತು.

2006ರ ಆ ಬೀಳ್ಕೊಡುಗೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಗೇರುಮರಗಳಲ್ಲಿ ಹೂ ಉದುರಿ ಹಣ್ಣಿನ ವಾಸನೆ ಬೀಸತೊಡಗಿದ್ದ ಮಾರ್ಚಿ ತಿಂಗಳು; ಬೆಂಚುಗಳನ್ನು ಜಗಲಿಗೆ ಎತ್ತಿ ಹಾಕಿದ್ದರು; ಹೆಣ್ಣುಮಕ್ಕಳ ಜಡೆಯಲ್ಲಿ ಅಬ್ಬಲಿಗೆ; ಬಾಳೆಲೆಯ ತುಂಡಿನ ಮೇಲೆ ಶೀರಾ ಮತ್ತು ಅವಲಕ್ಕಿ. ಭಾಷಣಗಳಾದ ಮೇಲೆ, ಆ ಫೆಬ್ರವರಿಯಲ್ಲಷ್ಟೇ ತೆರೆಗೆ ಬಂದಿದ್ದ ‘ಮೈ ಆಟೋಗ್ರಾಫ್’ ಚಿತ್ರದ, ಕೆ. ಕಲ್ಯಾಣ್ ಬರೆದು ಕೆ.ಎಸ್. ಚಿತ್ರಾ ಹಾಡಿದ ಹಾಡನ್ನು ಒಬ್ಬ ಹುಡುಗಿ ಹಾಡಲು ನಿಂತಳು. ಎರಡು ಗೆರೆಯ ಕಾಪಿಪುಸ್ತಕದಿಂದ ಹರಿದ ಹಾಳೆಯಲ್ಲಿ ಹಾಡನ್ನು ಬರೆದುಕೊಂಡಿದ್ದಳು. ಬೆವರಿದ ಕೈಯಲ್ಲಿ ಶಾಯಿ ಕಲಸಿ ಎರಡನೆಯ ನುಡಿಯ ಅಕ್ಷರಗಳು ಅಳಿಸಿಹೋಗಿದ್ದುವು. ಧ್ವನಿವರ್ಧಕ ಒಮ್ಮೆ ಕಿರುಗುಟ್ಟಿತು. ಅವಳು ನಿಂತಳು, ಹಾಳೆಯನ್ನು ಬೆಳಕಿಗೆ ಹಿಡಿದಳು, ಅಲ್ಲಿಯೇ ಅತ್ತುಬಿಟ್ಟಳು. ಎದುರಿಗೆ ಕುಳಿತ ಎಪ್ಪತ್ತು ಮಕ್ಕಳಲ್ಲಿ ಯಾರೊಬ್ಬರೂ ಆ ನುಡಿಯನ್ನು ಎತ್ತಿಕೊಂಡು ಅವಳನ್ನು ದಡ ಸೇರಿಸಲಿಲ್ಲ. ಮನಸ್ಸಿಲ್ಲದೆ ಅಲ್ಲ, ಹಾಡು ಗೊತ್ತಿಲ್ಲದೆ. ಚಪ್ಪಾಳೆ ತಟ್ಟಿದರು, ಅವಳು ಇಳಿದುಹೋದಳು. ಅಂದು ನಾನೂ ಅವರ ನಡುವೆ ಕುಳಿತು ಚಪ್ಪಾಳೆ ತಟ್ಟಿದವನೇ.

ಆ ಹಾಡಿನ ಮೇಲೆ ನನಗೆ ಆಕ್ಷೇಪವಿಲ್ಲ. ಅದು ಒಳ್ಳೆಯ ಹಾಡು. ಅದರ ತಮಿಳು ಮೂಲಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಕನ್ನಡದಲ್ಲಿಯೂ ಎಷ್ಟೋ ಎಳೆಯ ಮನಸ್ಸುಗಳಿಗೆ ಅದು ಧೈರ್ಯ ಕೊಟ್ಟಿದೆ. ಪೇಟೆಗಳ ಇಂಗ್ಲಿಷ್ ಶಾಲೆಗಳಲ್ಲಿ ಇದೇ ಕಾಲದ ಮಕ್ಕಳು 1999ರಲ್ಲಿ ಬಂದ ಕೆಕೆಯವರ ‘ಪಲ್’ ಎಂಬ ಹಿಂದೀ ಧ್ವನಿಮುದ್ರಿಕೆಯ ಹಾಡುಗಳನ್ನು ಬೀಳ್ಕೊಡುಗೆಗೆ ಹಾಡಿ ಬೆಳೆದರು. 2022ರ ಮೇ 31ರಂದು ಕಲ್ಕತ್ತೆಯಲ್ಲಿ ಕಾಲೇಜು ಮಕ್ಕಳೆದುರು ಹಾಡಿ ಮುಗಿಸಿದ ಕೆಲವೇ ಹೊತ್ತಿನಲ್ಲಿ ಆ ಗಾಯಕನು ತೀರಿಕೊಂಡಾಗ ದೇಶದುದ್ದಕ್ಕೂ ಮೂವತ್ತು ದಾಟಿದವರು ತಮ್ಮ ಶಾಲೆಯ ಕೊನೆಯ ದಿನವೇ ಎರಡನೆಯ ಬಾರಿ ಮುಗಿದುಹೋದಂತೆ ಮರುಗಿದುದನ್ನು ನಾವು ಕಂಡಿದ್ದೇವೆ. ಚಿತ್ರಗೀತೆಯು ಹೃದಯವನ್ನು ಮುಟ್ಟುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಅದು ಒಂದು ವರ್ಷಕ್ಕೆ ಬಂದು ಇನ್ನೊಂದು ವರ್ಷಕ್ಕೆ ಹೋಗುವಂಥದು. ಯಾವ ಊರಿನದೂ ಅಲ್ಲದ್ದು. ಕೊರಳಿದ್ದ ಒಬ್ಬರು ಹಾಡಿ ಉಳಿದವರು ಕೇಳುವಂಥದು. ಬೀಳ್ಕೊಡುಗೆಗೆ ಬೇಕಾದುದು ಕೇಳುವ ಹಾಡಲ್ಲ, ಕೊರಳಿಲ್ಲದವನೂ ಸೇರಿ ಹಾಡುವ ಹಾಡು.

ಜಪಾನಿನಲ್ಲಿ ಇದು ಹೇಗೆ ಬೆಳೆದುಬಂತೆಂಬುದನ್ನು ಆ ದಿನದಿಂದ ನಾನು ಕೈಲಾದಷ್ಟು ಓದಿ, ಶಿಷ್ಯನ ಗೆಳೆಯನ ಮೂಲಕ ಹಾಡುಗಳನ್ನು ತರಿಸಿಕೊಂಡು ಕೇಳಿದೆನು. ಮೇಯಿಜಿ ಸರಕಾರವು ಶಾಲೆಗಳಲ್ಲಿ ಸಂಗೀತವನ್ನು ಕಲಿಸಲು ತೊಡಗಿದಾಗ, ಇಸಾವಾ ಶೂಜಿ ಎಂಬ ಶಿಕ್ಷಣಾಧಿಕಾರಿಯು ಅಮೆರಿಕದ ಬಾಸ್ಟನ್ನಿನಿಂದ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತಶಿಕ್ಷಕನನ್ನು 1880ರಲ್ಲಿ ಕರೆಸಿಕೊಂಡನು. ಅವರ ಉದ್ಯೋಗದಿಂದ ಮೊದಲಾದ ಶಾಲಾಗೀತೆಗಳ ಪುಸ್ತಕಮಾಲೆಯಲ್ಲಿ 1881ರ ‘ಹೊತಾರು ನೊ ಹಿಕಾರಿ’, 1884ರ ‘ಅಓಗೆಬಾ ತೋತೋಶಿ’ ಎಂಬ ಎರಡು ಹಾಡುಗಳು ಬೀಳ್ಕೊಡುಗೆಯ ಹಾಡುಗಳಾಗಿ ನಿಂತುಬಿಟ್ಟುವು. ಮೊದಲನೆಯದರ ಧಾಟಿ ಸ್ಕಾಟ್ಲೆಂಡಿನದು. ಎರಡನೆಯದರದೂ ಜಪಾನಿನದಲ್ಲ, ಅದು ಅಮೆರಿಕದಲ್ಲಿ 1871ರಲ್ಲಿ ಅಚ್ಚಾದ ಶಾಲೆಯ ಮುಕ್ತಾಯಗೀತೆಯೊಂದರಿಂದ ಬಂದುದೆಂಬುದು 2011ರಷ್ಟು ಈಚೆಗೆ ಪತ್ತೆಯಾಯಿತು. ಹೊರಗಿನಿಂದ ಬಂದ ಧಾಟಿಗೆ ತಮ್ಮ ಮಾತನ್ನು ಕೂಡಿಸಿ ನೂರ ನಲವತ್ತು ವರ್ಷ ಹಾಡಿದರೆ ಅದು ಪರಕೀಯವೆಂಬ ನೆನಪು ಕೂಡ ಉಳಿಯುವುದಿಲ್ಲ.

‘ಹೊತಾರು ನೊ ಹಿಕಾರಿ’ ಎಂದರೆ ಮಿಣುಕುಹುಳುಗಳ ಬೆಳಕು. ದೀಪಕ್ಕೆ ಎಣ್ಣೆಯಿಲ್ಲದ ಬಡ ವಿದ್ಯಾರ್ಥಿಯೊಬ್ಬನು ಮಿಣುಕುಹುಳುಗಳನ್ನು ಕೂಡಿಸಿ ಅವುಗಳ ಬೆಳಕಿನಲ್ಲಿಯೂ, ಮತ್ತೊಬ್ಬನು ಕಿಟಕಿಯಾಚೆಯ ಹಿಮದ ಬೆಳಕಿನಲ್ಲಿಯೂ ಓದಿದರೆಂಬ ಚೀನದ ಪುರಾತನ ಕಥೆ ಅದರ ಹಿಂದಿದೆ. ಮಳೆಗಾಲದ ಹೊಸ್ತಿಲಿನಲ್ಲಿ ಕಮಲಶಿಲೆಯ ದಾರಿಯ ಕಾಡಿನಲ್ಲಿ ಒಂದೇ ಮರದ ತುಂಬ ಸಾವಿರ ಮಿಣುಕುಹುಳುಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ಕಂಡ ನಮಗೆ, ಚಿಮಣಿಬುಡ್ಡಿಯ ಮುಂದೆ ಓದಿ ಎಸ್ಸೆಸ್ಸೆಲ್ಸಿ ಬರೆದ ನಮ್ಮ ತಲೆಮಾರಿನವರಿಗೆ, ಈ ಕಥೆಯನ್ನು ಯಾರೂ ವಿವರಿಸಬೇಕಿಲ್ಲ. ಇನ್ನೂ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಆ ಧಾಟಿಯನ್ನು ನಮ್ಮೂರಿನ ಹಿರಿಯ ಭಾಗವತರೊಬ್ಬರಿಗೆ ಕೇಳಿಸಿದೆನು. ಅವರು ಕಣ್ಣು ಮುಚ್ಚಿ ಎರಡು ಆವರ್ತ ಕೇಳಿ, ‘ಇದ್ ಮೋಹನ ಅಲ್ದಾ?’ ಎಂದರು. ನಿಜವೇ ಸರಿ. ಮಧ್ಯಮ ನಿಷಾದಗಳನ್ನು ಬಿಟ್ಟ ಐದು ಸ್ವರಗಳ ಆ ಸರಣಿಯನ್ನು ಜಪಾನಿನವರು ‘ಯೊನಾನುಕಿ’ ಎನ್ನುತ್ತಾರೆ, ನಾವು ಮೋಹನವೆನ್ನುತ್ತೇವೆ. ಆಟದ ರಂಗಸ್ಥಳದಲ್ಲಿ ಎಷ್ಟು ಸಲ ಅದನ್ನು ಕೇಳಿದ್ದೇವೆಂದರೆ ಅದು ನಮ್ಮ ಊರಿನ ಗಾಳಿಯಲ್ಲಿಯೇ ಬೆರೆತಿದೆ. ಸ್ಕಾಟ್ಲೆಂಡಿನ ಧಾಟಿಯು ಜಪಾನಿನ ಕೊರಳಿಗೆ ಅಷ್ಟು ಬೇಗ ಒಗ್ಗಿದುದಕ್ಕೆ ಈ ಐದು ಸ್ವರಗಳೇ ಕಾರಣ. ಕೊರಳಿಗೆ ಶಿಕ್ಷಣವಿಲ್ಲದವರೂ ಅಪಸ್ವರಕ್ಕೆ ಜಾರದೆ ಹಾಡಬಲ್ಲ ರಾಗ ಅದು.

ಆದರೆ ಸರಕಾರದ ಪುಸ್ತಕದಿಂದ ಇಳಿದುಬಂದ ಹಾಡಿಗೆ ಸರಕಾರದ ದೋಷವೂ ಅಂಟಿಕೊಂಡಿರುತ್ತದೆಂಬುದನ್ನು ಮರೆಮಾಚಬಾರದು. ‘ಹೊತಾರು ನೊ ಹಿಕಾರಿ’ಯ ಕೊನೆಯ ಎರಡು ನುಡಿಗಳಲ್ಲಿ ರಾಜ್ಯದ ಗಡಿ, ದೂರದ ದ್ವೀಪಗಳ ಕಾವಲು ಮುಂತಾದ ವಿಷಯಗಳಿದ್ದುವು, ಎರಡನೆಯ ಮಹಾಯುದ್ಧದ ತರುವಾಯ ಅವನ್ನು ಸಾಮಾನ್ಯವಾಗಿ ಹಾಡುವುದಿಲ್ಲ. ‘ಅಓಗೆಬಾ ತೋತೋಶಿ’ಯಲ್ಲಿ ಗುರುವಿನ ಋಣವನ್ನು ಹೇಳಿ, ಲೋಕದಲ್ಲಿ ಮೇಲೆ ಬನ್ನಿರೆಂದು ಪ್ರೇರಿಸುವ ಭಾಗವು ಇಂದಿನ ಮನಸ್ಸಿಗೆ ಹೊಂದದೆಂದು ಅನೇಕ ಶಾಲೆಗಳು ಅದನ್ನು ಕೈಬಿಟ್ಟುವು. ಹಾಡಿಸುವವರ ಆಸೆ ಹಾಡುವವರ ಆಸೆಯಾಗದೆ ಹೋದಾಗ ಹಾಡು ಬಹುಕಾಲ ನಿಲ್ಲುವುದಿಲ್ಲ.

ಆ ಹಳೆಯ ಹಾಡುಗಳ ಸ್ಥಾನದಲ್ಲಿ ಬಂದು ನಿಂತ ಹಾಡಿನ ವೃತ್ತಾಂತವೇ ಈ ಲೇಖನವನ್ನು ಬರೆಯಲು ನನಗೆ ನಿಜವಾದ ಪ್ರೇರಣೆ. ತೋಕಿಯೋ ನಗರದ ವಾಯವ್ಯಕ್ಕೆ, ಸೈತಾಮಾ ಪ್ರಾಂತದ ಗುಡ್ಡಗಳ ನಡುವೆ ಚಿಚಿಬು ಎಂಬ ಊರಿದೆ. ಸುಣ್ಣದ ಕಲ್ಲನ್ನು ಕಡಿದು ಕಡಿದು ಮೈ ಬೆಳ್ಳಗಾದ ಬುಕೋ ಎಂಬ ಬೆಟ್ಟದ ಬುಡದ ಊರು. ಅಲ್ಲಿನ ಕಾಗೆಮೊರಿ ಮಾಧ್ಯಮಿಕ ಶಾಲೆಯು ಒಂದು ಕಾಲಕ್ಕೆ ಶಿಸ್ತು ಕೆಟ್ಟ ಶಾಲೆಯೆನಿಸಿತ್ತು. ಮುಖ್ಯೋಪಾಧ್ಯಾಯರಾಗಿ ಬಂದ ಕೊಜಿಮಾ ನೊಬೊರು ಎಂಬವರು ಇದನ್ನು ಹಾಡು ತುಂಬಿದ ಶಾಲೆಯಾಗಿ ಮಾಡಬೇಕೆಂದು ಸಂಕಲ್ಪಿಸಿ, ಸಕಾಮೊತೊ ಹಿರೋಮಿ ಎಂಬ ಸಂಗೀತದ ಅಧ್ಯಾಪಕಿಯ ಜೊತೆ ಮಕ್ಕಳಿಗೆ ಸಮೂಹಗಾನವನ್ನು ಅಭ್ಯಾಸ ಮಾಡಿಸುತ್ತ ಬಂದರು. 1991ರಲ್ಲಿ ಹೊರಟು ನಿಂತ ಮಕ್ಕಳಿಗೆ ಏನಾದರೊಂದು ಕೊಡಬೇಕೆಂದು ಆಕೆ ಮುಖ್ಯೋಪಾಧ್ಯಾಯರನ್ನು ಒಂದು ಪದ್ಯ ಬರೆದುಕೊಡಿರೆಂದು ಕೇಳಿದಳು. ತನಗೆ ಅಂಥ ಶಕ್ತಿಯಿಲ್ಲವೆಂದ ಆ ಹಿರಿಯರು ಮರುದಿನ ಬೆಳಗ್ಗೆ ಆಕೆಯ ಮೇಜಿನ ಮೇಲೆ ಬರೆದ ಹಾಳೆಯನ್ನಿಟ್ಟಿದ್ದರು. ಆಕೆ ಸಂಗೀತದ ಕೊಠಡಿಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕೆ ಧಾಟಿಯನ್ನು ಕೂಡಿಸಿದಳು. ಮಕ್ಕಳಿಗೆ ಸುಳಿವು ಕೊಡದೆ ಅಧ್ಯಾಪಕರೆಲ್ಲ ಗುಟ್ಟಾಗಿ ಕಲಿತು, ಬೀಳ್ಕೊಡುಗೆಯ ಕೂಟದಲ್ಲಿ ತಾವೇ ವೇದಿಕೆಯೇರಿ ಹಾಡಿದರು. ಒಮ್ಮೆ ಹಾಡಿ ಮುಗಿಸುವುದೆಂದೇ ಅವರ ಎಣಿಕೆಯಾಗಿತ್ತು. ಆ ವರ್ಷವೇ ಕೊಜಿಮಾ ನಿವೃತ್ತರಾದರು. ಆದರೆ ಮರುವರ್ಷ ಮಕ್ಕಳು ಅದನ್ನು ಬಿಡಲಿಲ್ಲ. ನೆರೆಯ ಶಾಲೆಗಳು ಕೇಳಿ ಪಡೆದುಕೊಂಡುವು. ಸಂಗೀತ ಶಿಕ್ಷಣದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಆ ಗುಡ್ಡದೂರಿನ ‘ತಬಿದಾಚಿ ನೊ ಹಿ ನಿ’, ಎಂದರೆ ‘ಪಯಣ ಹೊರಡುವ ದಿನದಂದು’, ಜಪಾನಿನ ಶಾಲೆಗಳಲ್ಲಿ ಅತಿಯಾಗಿ ಹಾಡುವ ಬೀಳ್ಕೊಡುಗೆಯ ಹಾಡಾಯಿತು. ಇಂದು ಅಲ್ಲಿ ಮೂವತ್ತರ ಹರೆಯದಲ್ಲಿರುವವರಲ್ಲಿ ಅದನ್ನು ಹಾಡದೆ ಶಾಲೆ ಬಿಟ್ಟವರು ಕಡಮೆ. ಕೊಜಿಮಾ ಅವರು 2011ರಲ್ಲಿ ತೀರಿಕೊಂಡರು. ಮಂತ್ರಿಯ ಆಜ್ಞೆಯಿಲ್ಲ, ಚಲನಚಿತ್ರದ ಬಲವಿಲ್ಲ, ಕವಿಯೆಂಬ ಕೀರ್ತಿ ಮೊದಲೇ ಇಲ್ಲ. ಒಬ್ಬ ಮುಖ್ಯೋಪಾಧ್ಯಾಯ, ಒಬ್ಬ ಸಂಗೀತದ ಅಧ್ಯಾಪಕಿ, ಒಂದು ಇರುಳು. ಓದಿ ಮುಗಿಸಿದಾಗ ನನಗೆ ನನ್ನ ಮೂವತ್ತು ಮಾರ್ಚಿಗಳು ಒಂದರ ಹಿಂದೊಂದು ಎದುರಿಗೆ ಬಂದು ನಿಂತುವು.

ಅದೇ ಪೀಳಿಗೆಯವರಿಗೆ ಧ್ವನಿಮುದ್ರಿಕೆಯ ಹಾಡುಗಳೂ ಇಲ್ಲದಿಲ್ಲ. ಮೊರಿಯಾಮಾ ನಾವೊತಾರೊ 2003ರಲ್ಲಿ ಹಾಡಿದ ‘ಸಕುರಾ’, ಗೆಳೆಯರ ಮದುವೆಗೆಂದು ರಚಿತವಾಗಿ ಬೀಳ್ಕೊಡುಗೆಯ ಹಾಡಾಗಿ ಮಾರ್ಪಟ್ಟ, ರೆಮಿಓರೊಮೆನ್ ತಂಡದ 2004ರ ‘ಮಾರ್ಚ್ 9’ ಇವೆಲ್ಲ ಅಲ್ಲಿ ಕಣ್ಣೀರು ತರಿಸುವ ಹಾಡುಗಳೇ. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಆಂಜೆಲಾ ಆಕಿ ಎಂಬಾಕೆಯ 2008ರ ‘ತೆಗಾಮಿ’. ತೆಗಾಮಿ ಎಂದರೆ ಪತ್ರ. ಆಕೆ ಹದಿಹರೆಯದಲ್ಲಿ ಭವಿಷ್ಯದ ತನಗೆ ತಾನೇ ಒಂದು ಪತ್ರ ಬರೆದಿಟ್ಟಿದ್ದಳು. ಆಕೆಗೆ ಮೂವತ್ತು ತುಂಬಿದಾಗ ತಾಯಿ ಅದನ್ನು ಅಂಚೆಯಲ್ಲಿ ಕಳುಹಿಸಿದಳು. ಹದಿನೈದರ ಹುಡುಗಿ ಕೇಳುವ ಪ್ರಶ್ನೆಗೆ ದೊಡ್ಡವಳಾದ ತಾನೇ ಉತ್ತರ ಕೊಡುವ ಆ ಹಾಡನ್ನು ಜಪಾನಿನ ಆಕಾಶವಾಣಿ ಸಂಸ್ಥೆಯು ಆ ವರ್ಷ ಮಾಧ್ಯಮಿಕ ಶಾಲೆಗಳ ಗಾನಸ್ಪರ್ಧೆಗೆ ಗೊತ್ತುಮಾಡಿದುದರಿಂದ ನಾಡಿನ ಹದಿನೈದರ ಮಕ್ಕಳೆಲ್ಲ ಅದನ್ನು ಹಾಡಿದರು. ಅವರೆಲ್ಲ ಈಗ ಮೂವತ್ತನ್ನು ದಾಟಿದ್ದಾರೆ. ಹಾಡಿನೊಳಗಿನ ಎರಡನೆಯ ಕೊರಳು ತಮ್ಮದೇ ಆಗಿಬಿಟ್ಟಿರುವುದನ್ನು ಕಂಡುಕೊಂಡಿದ್ದಾರೆ. ನಮ್ಮಲ್ಲಿಯೂ ಎಸ್ಸೆಸ್ಸೆಲ್ಸಿಯ ವಯಸ್ಸು ಹದಿನೈದೇ.

ಮೂವತ್ತರ ಹರೆಯದ ಮಾತನ್ನು ನಾನು ಮತ್ತೆ ಮತ್ತೆ ಎತ್ತುವುದಕ್ಕೆ ಕಾರಣವಿದೆ. ಇಪ್ಪತ್ತರಲ್ಲಿ ಯಾರಿಗೂ ಶಾಲೆಯ ನೆನಪಾಗುವುದಿಲ್ಲ. ಆಗ ಶಾಲೆಯನ್ನು ಬಿಟ್ಟು ಬಂದುದೇ ಒಂದು ಜಯವೆನಿಸುತ್ತದೆ. ಮೂವತ್ತರ ಮೇಲೆ ತಂದೆತಾಯಿಗಳ ತಲೆ ನರೆಯುವುದು ಕಣ್ಣಿಗೆ ಬೀಳುತ್ತದೆ, ತನ್ನ ಮಗುವಿನ ಕೈಹಿಡಿದು ಶಾಲೆಗೆ ಬಿಡುವ ದಿನ ಬರುತ್ತದೆ, ಸಹಪಾಠಿಗಳಲ್ಲಿ ಮೊದಲನೆಯವನು ಇಲ್ಲವಾದ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. 2006ರ ಆ ತಂಡದಲ್ಲಿಯೂ ಒಬ್ಬನು ಈಗಿಲ್ಲ. ಅವನ ಉತ್ತರಕ್ರಿಯೆಯ ದಿನ ಹನ್ನೆರಡು ಮಂದಿ ಬಂದಿದ್ದರು. ಊಟವಾದ ಮೇಲೆ ತೋಟದ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದರು. ಮಾತುಗಳು ಒಂದೊಂದಾಗಿ ಮುಗಿದು ಮೌನವಾಯಿತು. ಕೂಡಿ ಹಾಡಬಲ್ಲ ಒಂದು ಹಾಡು ಅವರಿಗೆ ಗೊತ್ತಿದ್ದರೆ ಆ ಮೌನವು ಹಾಗೆ ಬಿದ್ದಿರುತ್ತಿರಲಿಲ್ಲವೆಂದು ನನಗೆ ಇಂದಿಗೂ ಅನಿಸುತ್ತದೆ.

ಇಂಥ ಹಾಡನ್ನು ಕಟ್ಟುವ ಶಕ್ತಿ ಈ ನೆಲಕ್ಕಿಲ್ಲವೆಂದು ಹೇಳುವವರು ಯಾರು? ಕನ್ನಡದ ಸುಗಮಸಂಗೀತಕ್ಕೆ ತಂದೆಯೆನಿಸಿದ ಪಿ. ಕಾಳಿಂಗರಾಯರು 1914ರಲ್ಲಿ ಹುಟ್ಟಿದುದು ಬ್ರಹ್ಮಾವರದ ಬಳಿಯ ಆರೂರಿನಲ್ಲಿ. ಅಗಲಿಕೆಯ ವೇದನೆಯನ್ನು ಭಾವಗೀತೆಯಲ್ಲಿ ನಾಡಿಗೆಲ್ಲ ಕೇಳಿಸಿದ ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದುದು ಇಂದು ಬೈಂದೂರು ತಾಲ್ಲೂಕಿಗೆ ಸೇರಿದ ಮೊಗೇರಿಯಲ್ಲಿ. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೇ ಬರೆದ ಶಿವರಾಮ ಕಾರಂತರು ಕೋಟದವರು. ನಮ್ಮ ಕಾಲದಲ್ಲಿ ಬಸ್ರೂರಿನ ತರುಣರೊಬ್ಬರ ಸಂಗೀತವು ಭಾರತದುದ್ದಕ್ಕೂ ಚಿತ್ರಮಂದಿರಗಳಲ್ಲಿ ಮೊಳಗಿತು. ಕೆರಾಡಿಯ ತರುಣರೊಬ್ಬರು 2018ರಲ್ಲಿ ಗಡಿನಾಡ ಕಾಸರಗೋಡಿನ ಕನ್ನಡ ಶಾಲೆಯೊಂದನ್ನೇ ನಾಯಕನಾಗಿ ಮಾಡಿ ಚಿತ್ರ ತೆಗೆದರು. ಅಧ್ಯಾಪಕರೇ ಹಾಡು ಕಟ್ಟಿದ ನಿದರ್ಶನ ಬೇಕೆಂದರೆ ಪಂಜೆ ಮಂಗೇಶರಾಯರಿದ್ದಾರೆ. ಕರಾವಳಿಯಿಂದ ಕೊಡಗಿಗೆ ಶಿಕ್ಷಕರಾಗಿ ಹೋದ ಅವರು ಅಲ್ಲಿ ಬರೆದ ‘ಹುತ್ತರಿ ಹಾಡು’ ಕೊಡಗಿನವರ ಸ್ವಂತದ ಹಾಡೇ ಆಗಿಬಿಟ್ಟಿತು.

ಇಷ್ಟೇ ಅಲ್ಲ. ಶಾಲೆಯ ಮಕ್ಕಳು ಗುರುವಿಗಾಗಿ ಹಾಡುವ ಪದ್ಧತಿಯೊಂದು ಇಲ್ಲಿಯೇ ಇತ್ತು. ಐಗಳ ಮಠಗಳ ಕಾಲದಲ್ಲಿ ನವರಾತ್ರಿಯ ದಿನಗಳಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು, ಹೂ ಸುತ್ತಿದ ಕೋಲುಗಳನ್ನು ಅವರ ಕೈಗೆ ಕೊಟ್ಟು, ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಮನೆಯವರಿಗೆ ಹರಸುವ ಚೌಪದಿಯನ್ನು ಹೇಳಿ, ಎದುರುಬದುರು ಕುಳಿತು ಪ್ರಸಂಗದ ತುಣುಕೊಂದನ್ನು ಹಾಡಿ ಅರ್ಥ ಹೇಳುತ್ತಿದ್ದರು; ಮನೆಯವರು ಕೊಟ್ಟುದು ಐಗಳ ಸಂಭಾವನೆಯಾಗುತ್ತಿತ್ತು. ಅದೇ ಹೂವಿನಕೋಲು. ಕುಂದಾಪುರ, ಕೋಟ, ಬ್ರಹ್ಮಾವರಗಳ ಹಿರಿಯರಲ್ಲಿ ಆ ಚೌಪದಿ ಇನ್ನೂ ಬಾಯಲ್ಲಿರುವವರುಂಟು. ಎಂಬತ್ತು ದಾಟಿದ ಇಬ್ಬರನ್ನು ಬೇರೆ ಬೇರೆ ಊರಿನಿಂದ ತಂದು ಒಂದೇ ಚಾವಡಿಯಲ್ಲಿ ಕೂರಿಸಿದರೆ ಒಬ್ಬರು ಎತ್ತಿದುದನ್ನು ಇನ್ನೊಬ್ಬರು ಮುಗಿಸುವುದನ್ನು ನಾನೇ ಕಂಡಿದ್ದೇನೆ. ಮಠ ಹೋಯಿತು, ಸರಕಾರದ ಶಾಲೆ ಬಂತು. ಅದು ತಂದ ವರಗಳು ಅನೇಕ. ಮಠದ ಬಾಗಿಲು ಮುಚ್ಚಿದ್ದ ಜಾತಿಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟುದು ಅದೇ. ಆದರೆ ಅದು ದಿನದ ಆರಂಭಕ್ಕೆ ಪ್ರಾರ್ಥನೆಯನ್ನು, ನಾಡಗೀತೆಯನ್ನು ಇಟ್ಟಿತು. ಓದು ಮುಗಿಸಿ ಹೊರಡುವ ಮಗುವಿನ ಬಾಯಿಗೆ ಏನನ್ನೂ ಇಡಲಿಲ್ಲ.

ಹಾಗೆಂದು ಸರಕಾರವು ಒಂದು ಬೀಳ್ಕೊಡುಗೆಯ ಗೀತೆಯನ್ನು ಗೊತ್ತುಮಾಡಿ ಸುತ್ತೋಲೆ ಹೊರಡಿಸಲಿ ಎಂದು ನಾನು ಕೇಳುವುದಿಲ್ಲ, ಕೇಳುವವರಿದ್ದರೆ ಬೇಡವೆನ್ನುತ್ತೇನೆ. 2004ರಲ್ಲಿ ಅಂಗೀಕೃತವಾದ ನಾಡಗೀತೆಯನ್ನು ಎಲ್ಲರೂ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು 2022ರಲ್ಲಿ ಆದೇಶವಾಯಿತು. ನಾಡಿಗೆಲ್ಲ ಒಂದೇ ಆಗಿರಬೇಕಾದ ಗೀತೆಗೆ ಅದು ಯುಕ್ತವೇ ಇರಬಹುದು. ಬೀಳ್ಕೊಡುಗೆಯ ಹಾಡಿನ ಧರ್ಮವೇ ಬೇರೆ. ಅದರಲ್ಲಿ ಸಿದ್ದಾಪುರದ ಮಗುವಿಗೆ ತನ್ನ ಬೈಲು, ತನ್ನ ಸಂಕ, ತನ್ನ ಹೊಳೆ, ಮಳೆಗಾಲದಲ್ಲಿ ಕೊಡೆ ಮಡಚಿ ಒರಗಿಸಿಟ್ಟ ಜಗಲಿಯ ಮೂಲೆ ಕಾಣಬೇಕು. ಬೈಂದೂರಿನ ಮಗುವಿಗೆ ಕಡಲು ಕಾಣಬೇಕು. ಹತ್ತನೆಯ ತರಗತಿಯ ಪರೀಕ್ಷೆಯೆದುರಿಗೆ ಹಾಡಿಗೆ ಸಮಯವೆಲ್ಲಿ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ್ದಾರೆ. ಅವರ ಕಷ್ಟ ನನಗೆ ಗೊತ್ತು, ಫಲಿತಾಂಶದ ಒತ್ತಡವನ್ನು ನಾನೂ ಹೊತ್ತವನು. ಆದರೆ ಹಾಡನ್ನು ಹತ್ತನೆಯ ತರಗತಿಗೆ ಕಲಿಸಬೇಕಾಗಿಲ್ಲ. ಎಂಟನೆಯ ತರಗತಿಗೆ ಬಂದ ವರ್ಷವೇ ಕಲಿತರೆ, ಹೋಗುವವರಿಗೆ ಎರಡು ಮಾರ್ಚಿ ಹಾಡಿ, ಮೂರನೆಯ ಮಾರ್ಚಿಯಲ್ಲಿ ತಾವೇ ಹೊರಡುವ ಹೊತ್ತಿಗೆ ಅದು ಅವರ ಉಸಿರಿನಲ್ಲಿರುತ್ತದೆ. ವಾರಕ್ಕೆ ಒಂದು ಘಂಟೆ ಸಾಕು.

ಹಳೆಯ ವಿದ್ಯಾರ್ಥಿಗಳ ಸಂಘಗಳಿಗೂ ಒಂದು ಮಾತು ಹೇಳಬೇಕಾಗಿದೆ. ಬೆಂಗಳೂರು ಮುಂಬಯಿಗಳಲ್ಲಿ ದುಡಿದು ಕೈ ಮುಂದಾದವರು ತಾವು ಓದಿದ ಶಾಲೆಗೆ ಬೆಂಚು, ಪಂಖ, ಗಣಕಯಂತ್ರ, ಊಟದ ಕೋಣೆ ಕೊಡುತ್ತ ಬಂದಿದ್ದಾರೆ. ಕರಾವಳಿಯ ಎಷ್ಟೋ ಕನ್ನಡ ಶಾಲೆಗಳ ಮಾಡು ಇಂದು ನೆಟ್ಟಗಿರುವುದು ಅವರಿಂದ. ಮಕ್ಕಳ ಸಂಖ್ಯೆ ಕುಗ್ಗಿ ಕೆಲವು ಕನ್ನಡ ಶಾಲೆಗಳು ಬಾಗಿಲು ಹಾಕಿದುದನ್ನೂ ನಾವು ಕಂಡಿದ್ದೇವೆ. ಅಂಥ ಶಾಲೆಯಲ್ಲಿ ಓದಿದವರಿಗೆ ಮರಳಿ ಹೋಗಲು ಒಂದು ಕಟ್ಟಡವೂ ಇಲ್ಲ. ಬೆಂಚು ಕೊಟ್ಟ ಕೈಗಳು ಒಂದು ಹಾಡನ್ನೂ ಕೊಡಲಿ: ಹತ್ತು ಮಂದಿ ಹಳೆಯ ಮಕ್ಕಳು ತಮಗೆ ನೆನಪಿರುವುದನ್ನು ತಂದು ಸುರಿಯಲಿ, ಅದರಲ್ಲಿ ಬರೆಯಬಲ್ಲವರೊಬ್ಬರು ಅದನ್ನು ನಾಲ್ಕು ನುಡಿಗೆ ಇಳಿಸಲಿ, ಊರಿನ ಭಾಗವತರೋ ಭಜನೆಯವರೋ ಚರ್ಚಿನ ಗಾಯಕರೋ ಧಾಟಿ ಕೂಡಿಸಲಿ. ಹಣದ ಖರ್ಚು ಇದಕ್ಕಿಲ್ಲ.

ನಾನು ಮೂವತ್ತು ವರ್ಷ ಮಾಡದೆ ಬಿಟ್ಟುದನ್ನು ಈ ಚಾತುರ್ಮಾಸ್ಯದಿಂದ ಮಾಡತೊಡಗಿದ್ದೇನೆ. ನಾನು ಪಾಠ ಹೇಳಿದ ಶಾಲೆಯ ಈಗಿನ ಅಧ್ಯಾಪಕರು ಒಪ್ಪಿದ್ದಾರೆ. 2006ರ ತಂಡದವರು ಮೊಬೈಲಿನಲ್ಲಿ ಬರೆದು ಕಳುಹಿಸಿದ ನೆನಪುಗಳನ್ನೆಲ್ಲ ಒಂದು ಪುಸ್ತಕಕ್ಕೆ ಇಳಿಸಿಕೊಂಡೆನು: ಬಾವಿಕಟ್ಟೆಯ ರಾಟೆಯ ಕಿರುಗುಟ್ಟು, ಮಳೆಯ ದಿನ ಹೊಳೆ ತುಂಬಿ ಅರ್ಧ ತರಗತಿ ಬಾರದಿದ್ದುದು, ಮಧ್ಯಾಹ್ನದ ಊಟಕ್ಕೆ ಹಂಚಿಕೊಂಡ ಮಿಡಿ ಉಪ್ಪಿನಕಾಯಿ, ಕೊನೆಯ ಬೆಂಚಿನಲ್ಲಿ ಕೊರೆದ ಹೆಸರುಗಳು, ಈಗ ಇಲ್ಲದ ಗೆಳೆಯನ ಶಿಳ್ಳೆ. ಅಂದು ಹಾಳೆ ಹಿಡಿದು ನಿಂತು ಅತ್ತ ಹುಡುಗಿ ಈಗ ಇಬ್ಬರು ಮಕ್ಕಳ ತಾಯಿಯಾಗಿ ಹಾಲಾಡಿಯ ಕಡೆ ಇದ್ದಾಳೆ. ಅವಳು ಬರೆದು ಕಳುಹಿಸಿದ ನಾಲ್ಕು ಸಾಲುಗಳನ್ನು ನಾನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಭಾಗವತರು ಮೋಹನದಲ್ಲಿಯೇ ಕೂಡಿಸುತ್ತಿದ್ದಾರೆ. ಮೂರನೆಯ ನುಡಿಯಲ್ಲಿ ಒಂದು ಮಾತ್ರೆ ಹೆಚ್ಚಾಗಿ ತಾಳಕ್ಕೆ ಕೂರುತ್ತಿಲ್ಲವೆಂದು ಎರಡು ಸಲ ಹಿಂದಕ್ಕೆ ಕೊಟ್ಟರು. ‘ಶಬ್ದ ಚಂದ ಇತ್ತ್, ಆದ್ರೆ ಮಕ್ಕಳ್ ಉಸಿರ್ ಎಲ್ಲಿ ತೆಗೂದ್?’ ಎಂದು ಕೇಳಿದರು. ಆ ಶಬ್ದವನ್ನು ನಿನ್ನೆ ಇರುಳು ಬದಲಿಸಿದ್ದೇನೆ. ಬರುವ ಐತಾರ ಎಂಟನೆಯ ತರಗತಿಯ ಮಕ್ಕಳು ಹತ್ತು ಘಂಟೆಗೆ ಶಾಲೆಯ ಜಗಲಿಗೆ ಬರುತ್ತಾರೆ. ಹಾಲಾಡಿಯಿಂದ ಅವಳೂ ಬರುವೆನೆಂದಿದ್ದಾಳೆ.